ತುಂಡಾದ ನೂಲಿನ ತುದಿಯನ್ನು ನೋಡಿ

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಿಂದ ಲಿಂಕನ್ ಸುರಂಗದ ಮೂಲಕ ಹಡ್ಸನ್ ನದಿಯ ಅಡಿಯಲ್ಲಿ ಹಾದು ಆಚೆ ದಡಕ್ಕೆ ಬಂದರೆ ನ್ಯೂಜೆರ್ಸಿ ರಾಜ್ಯದ ಹಡ್ಸನ್ ಕೌಂಟಿ ಸಿಗುತ್ತದೆ. ವೀಹಾಕನ್, ಯೂನಿಯನ್ ಸಿಟಿ, ಗಟನ್‌ಬರ್ಗ್, ನಾರ್ತ್ ಬರ್ಗನ್ ಇವೆಲ್ಲ ಅಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ಸಣ್ಣ ಊರುಗಳು. ವೆಸ್ಟ್ ನ್ಯೂಯಾರ್ಕ್ ಎಂಬ ಊರು ಕೂಡ ಇರುವುದು ನ್ಯೂಜೆರ್ಸಿಯಲ್ಲೇ! 1872ರಿಂದ ತಮ್ಮದು ಎಂಬ್ರಾಯ್ಡರಿಯ ರಾಜಧಾನಿ ಎಂದು ಈ ಊರುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತ ಬಂದಿವೆ. ಅಮೆರಿಕದ ಮದುವೆ ಉಡುಪಿನ ಲೇಸು, ಸೈನಿಕರ ತೋಳಿನ ಲಾಂಛನ, ಟೋಪಿಯ ಬ್ಯಾಡ್ಜು ಎಷ್ಟೋ ಇಲ್ಲಿ ತಯಾರಾದವು. ಎದುರು ದಡದಲ್ಲೇ ಮ್ಯಾನ್‌ಹಟನ್‌ನ ಸಿದ್ಧ ಉಡುಪಿನ ಮಾರುಕಟ್ಟೆ ಇದ್ದುದರಿಂದ ಕೆಲಸಕ್ಕೆ ಬರವಿರಲಿಲ್ಲ.

ಶಾರ್ಜಾ, ಅಜ್ಮಾನ್, ದುಬೈ, ಮಸ್ಕತ್‌ಗಳ ಎಂಬ್ರಾಯ್ಡರಿ ಅಂಗಡಿಗಳಲ್ಲಿ ದುಡಿಯುವ ನಮ್ಮವರಿಗೆ ಆ ದೂರದ ಊರಿನ ಕಥೆ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮನ್ನು ದಿನವೂ ಕಾಡುವ ನೂಲು ತುಂಡಾಗುವ ಸಮಸ್ಯೆಗಾಗಿಯೇ ಅಲ್ಲಿ ಒಂದು ಪ್ರತ್ಯೇಕ ಕೆಲಸವಿತ್ತು.

ನೂಲು ಕಾಯುವವರು

ಅಲ್ಲಿದ್ದವು ಶಿಫ್ಲಿ ಯಂತ್ರಗಳು. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಎಂಬಾತ ಇದನ್ನು ಕಂಡುಹಿಡಿದ. ಶಿಫ್ಲಿ ಎಂದರೆ ಅಲ್ಲಿನ ಮಾತಿನಲ್ಲಿ ಪುಟ್ಟ ದೋಣಿ. ಮುಂದಿನಿಂದ ಸೂಜಿ ನೂಲನ್ನು ತರುತ್ತದೆ, ಹಿಂದಿನಿಂದ ದೋಣಿಯಾಕಾರದ ಲಾಳಿ ಇನ್ನೊಂದು ನೂಲನ್ನು ತರುತ್ತದೆ, ಎರಡೂ ಬಟ್ಟೆಯಲ್ಲಿ ಸೇರಿ ಹೊಲಿಗೆ ಬೀಳುತ್ತದೆ. 1903ರಿಂದ ರಾಬರ್ಟ್ ರೈನರ್ ಎಂಬ ವ್ಯಾಪಾರಿ ಜರ್ಮನಿಯ ಪ್ಲೌಯೆನ್ ಊರಿನ ಯಂತ್ರಗಳನ್ನು ವೀಹಾಕನ್‌ಗೆ ತರಿಸಿ, ವಲಸೆ ಬಂದ ಕೆಲಸಗಾರರಿಗೆ ಕಂತಿನ ಮೇಲೆ ಕೊಟ್ಟ. ಕೂಲಿಗೆ ಬಂದ ಎಷ್ಟೋ ಜನ ಹೀಗೆ ಸ್ವಂತ ಯಂತ್ರದ ಒಡೆಯರಾದರು. ಮೊದಲು ಸ್ವಿಸ್ ಮತ್ತು ಜರ್ಮನ್ನರು, ಆಮೇಲೆ ಇಟಲಿಯವರು, ಅರ್ಮೇನಿಯದವರು, ಕೊನೆಗೆ ಕ್ಯೂಬಾದವರು ಈ ಕೆಲಸಕ್ಕೆ ಬಂದರು. ಅದೂ ನಮ್ಮ ಹಾಗೆ ಊರು ಬಿಟ್ಟು ಬಂದವರ ಕಸುಬೇ.

ಒಂದು ಶಿಫ್ಲಿ ಯಂತ್ರ 10ರಿಂದ 15 ಗಜ ಉದ್ದ. ದೊಡ್ಡದರಲ್ಲಿ ಸಾವಿರದಷ್ಟು ಸೂಜಿಗಳು. ಇಷ್ಟರಲ್ಲಿ ಒಂದು ಎಳೆ ತುಂಡಾದರೂ ಅಲ್ಲಿ ವಿನ್ಯಾಸ ಖಾಲಿ ಉಳಿಯುತ್ತದೆ. ಅದಕ್ಕಾಗಿ ಯಂತ್ರದ ಉದ್ದಕ್ಕೂ ನಡೆದಾಡುತ್ತ, ಯಾವ ಸೂಜಿಯ ನೂಲು ಹೋಯಿತು ಎಂದು ಕಣ್ಣಿಟ್ಟು ಕಾಯುವವರು ಇರುತ್ತಿದ್ದರು. ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಇಂದು ನಮ್ಮ ಕಂಪ್ಯೂಟರ್ ಯಂತ್ರದಲ್ಲಿ ಆ ಕಾಯುವ ಕೆಲಸವನ್ನು ಸೆನ್ಸರ್ ಮಾಡುತ್ತದೆ. ಆದರೆ ನೂಲು ತುಂಡಾಯಿತು ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆ ಯಾಕೆ ಎಂಬುದನ್ನು ಹುಡುಕುವ ಕೆಲಸ ಇಂದಿಗೂ ಮನುಷ್ಯನದ್ದೇ.

ನಷ್ಟದ ಲೆಕ್ಕ

20 ಹೆಡ್ಡಿನ ಯಂತ್ರದಲ್ಲಿ ಒಂದು ಹೆಡ್ಡಿನ ನೂಲು ಹೋದರೂ ಇಪ್ಪತ್ತೂ ನಿಲ್ಲುತ್ತವೆ. ಯಂತ್ರ ನಿಮಿಷಕ್ಕೆ 850 ಹೊಲಿಗೆಯ ವೇಗದಲ್ಲಿದೆ, ಒಂದು ಪಾಳಿಯಲ್ಲಿ 15 ಸಲ ನೂಲು ತುಂಡಾಯಿತು, ಪ್ರತಿ ಸಲ 2 ನಿಮಿಷ ಹೋಯಿತು ಎಂದಿಟ್ಟುಕೊಳ್ಳಿ. ಅರ್ಧ ಗಂಟೆ ನಷ್ಟ. ಹೆಡ್ಡಿಗೆ 25,500 ಹೊಲಿಗೆ, ಇಪ್ಪತ್ತಕ್ಕೂ ಸೇರಿ 5,10,000 ಹೊಲಿಗೆ! ಪೀಸ್ ಲೆಕ್ಕದಲ್ಲಿ ಸಂಬಳವಿದ್ದರೆ ಇದು ನೇರ ನಮ್ಮ ಜೇಬಿಗೇ ಬೀಳುವ ಕತ್ತರಿ. ತಿಂಗಳ ಸಂಬಳವಾದರೆ ಬೈಗುಳ ತಪ್ಪಿದ್ದಲ್ಲ. ಬಹಳ ಸಲ ತಪ್ಪು ಆಪರೇಟರ್‌ನದ್ದಾಗಿರುವುದಿಲ್ಲ, ಆದರೆ ಅದನ್ನು ತೋರಿಸಿಕೊಡಲು ಅವನ ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ನೋಡಬೇಕಾದ್ದು

ನೂಲು ತುಂಡಾದ ಕೂಡಲೇ ಮತ್ತೆ ಪೋಣಿಸಿ ಸ್ಟಾರ್ಟ್ ಒತ್ತುವುದು ನಮ್ಮೆಲ್ಲರ ಅಭ್ಯಾಸ. ಅದಕ್ಕೆ ಮುಂಚೆ ಹತ್ತು ಸೆಕೆಂಡು ನೂಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ.

ತುದಿ ಬ್ರಷ್ಷಿನಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದರೆ ನೂಲು ಎಲ್ಲೋ ಉಜ್ಜುತ್ತಿದೆ. ಸೂಜಿಯ ಕಣ್ಣು ಚಿಕ್ಕದಾಯಿತು, ಸೂಜಿ ಸವೆದಿದೆ ಅಥವಾ ಅಂಟಿನಿಂದ ಬಿಸಿಯಾಗಿದೆ. ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿದ್ದರೆ ಹುಕ್ಕಿನಲ್ಲೋ ಸೂಜಿ ಪ್ಲೇಟಿನ ತೂತಿನಲ್ಲೋ ಹರಿತವಾದ ಗೀರು ಇರಬಹುದು. ತುದಿ ಎಳೆದು ಸುರುಳಿಗಟ್ಟಿದ್ದರೆ ಟೆನ್ಷನ್ ಬಿಗಿ, ಇಲ್ಲವೇ ನೂಲು ಕೋನಿನ ಅಡಿಯಲ್ಲಿ ಸಿಕ್ಕಿಕೊಂಡಿದೆ. ನೂಲು ತುಂಡಾಗದೆಯೇ ಯಂತ್ರ ನಿಂತಿದ್ದರೆ ಸೆನ್ಸರ್ ಚಕ್ರದಲ್ಲಿ ಅಥವಾ ಚೆಕ್ ಸ್ಪ್ರಿಂಗಿನಲ್ಲಿ ನೂಲಿನ ಧೂಳು ಕೂತಿದೆಯೇ ನೋಡಿ.

ಎರಡನೆಯ ಪ್ರಶ್ನೆ: ಎಲ್ಲಿ ತುಂಡಾಗುತ್ತಿದೆ? ಒಂದು ಹೆಡ್ಡಿನಲ್ಲಿ 9, 12 ಅಥವಾ 15 ಸೂಜಿಗಳಿದ್ದರೂ ಅವಕ್ಕೆಲ್ಲ ಇರುವುದು ಒಂದೇ ಹುಕ್ಕು, ಒಂದೇ ಬಾಬಿನ್. ಹಾಗಾಗಿ ಒಂದೇ ಸೂಜಿಯಲ್ಲಿ ತೊಂದರೆಯಾದರೆ ಆ ಸೂಜಿ, ಅದರ ಟೆನ್ಷನ್ ಅಥವಾ ಅದರ ನೂಲಿನ ದಾರಿ ಕಾರಣ. ಆ ಹೆಡ್ಡಿನ ಎಲ್ಲ ಸೂಜಿಗಳಲ್ಲೂ ಆದರೆ ಹುಕ್ಕು, ಬಾಬಿನ್ ಅಥವಾ ಪ್ಲೇಟ್ ಕಾರಣ. ಎಲ್ಲ ಹೆಡ್ಡುಗಳಲ್ಲೂ ಡಿಸೈನಿನ ಅದೇ ಜಾಗದಲ್ಲಿ ಆದರೆ ಪಂಚಿಂಗ್‌ನಲ್ಲಿ ದೋಷವಿದೆ. ಆ ಕೋನನ್ನು ಪಕ್ಕದ ಸೂಜಿಗೆ ಬದಲಿಸಿದಾಗ ತೊಂದರೆಯೂ ಜೊತೆಗೇ ಹೋದರೆ ನೂಲೇ ಕೆಟ್ಟದ್ದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಸರಿಪಡಿಸುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೂಜಿ, ಟೆನ್ಷನ್, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಖರ್ಚಿಲ್ಲದ್ದರಿಂದ ಶುರುಮಾಡಿ.

ಮೊದಲು ನೂಲಿನ ದಾರಿ. ಕೋನಿನಿಂದ ಸೂಜಿಯವರೆಗೆ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಟೆನ್ಷನ್ ಡಿಸ್ಕಿನ ನಡುವೆ ಧೂಳು ಕೂತಿದ್ದರೆ ತೆಗೆಯಿರಿ.

ಆಮೇಲೆ ಸೂಜಿ. ಸಾಮಾನ್ಯವಾಗಿ ಬಳಸುವ 40 ನಂಬರಿನ ನೂಲಿಗೆ 75/11 ಸೂಜಿ ಸರಿ. 75 ಎಂದರೆ ಸೂಜಿಯ ದಪ್ಪ 0.75 ಮಿಲಿಮೀಟರ್. ಸಣ್ಣ ಅಕ್ಷರಕ್ಕೆ 60 ನಂಬರಿನ ನೂಲಾದರೆ 65/9. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಉದ್ದ ಗೀರು ಮುಂದಕ್ಕೆ, ಕೆಳಗಿನ ಸಣ್ಣ ತಗ್ಗು ಹಿಂದಕ್ಕೆ, ಅಂದರೆ ಹುಕ್ಕಿನ ಕಡೆಗೆ ಇರಬೇಕು. ಟೀ ಶರ್ಟಿನಂಥ ಹೆಣೆದ ಬಟ್ಟೆಗೆ ಬಾಲ್ ಪಾಯಿಂಟ್, ನೇಯ್ದ ಬಟ್ಟೆಗೆ ಶಾರ್ಪ್. ಸೂಜಿ ಬಟ್ಟೆಗೆ ಇಳಿಯುವಾಗ ಟಪ್ ಟಪ್ ಎಂದು ಗುದ್ದುವ ಸದ್ದು ಬಂದರೆ ಅದು ಮೊಂಡಾಗಿದೆ.

ಮೂರನೆಯದು ಟೆನ್ಷನ್. ಬಾಬಿನ್ ಕೇಸನ್ನು ಅದರ ನೂಲಿನಲ್ಲೇ ತೂಗಿಬಿಟ್ಟು ಮೆಲ್ಲಗೆ ಕೈ ಜಗ್ಗಿ. ಅದು ಸ್ವಲ್ಪ ಇಳಿದು ನಿಲ್ಲಬೇಕು. ಸರ್ರನೆ ನೆಲ ಮುಟ್ಟಿದರೆ ಸಡಿಲ, ಅಲುಗಾಡದಿದ್ದರೆ ಬಿಗಿ. ಇದು ಸರಿಯಾದ ಮೇಲಷ್ಟೇ ಮೇಲಿನ ಟೆನ್ಷನ್ ಮುಟ್ಟಿ. ಧಾರವಾಡದ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟೇ ಇರುವುದಿಲ್ಲ, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಯಂತ್ರದ ಕೆಲಸದಲ್ಲೂ ಹಿಂಬದಿ ನೋಡಿಯೇ ತೀರ್ಮಾನಿಸಬೇಕು. ಸ್ಯಾಟಿನ್ ಹೊಲಿಗೆಯ ಹಿಂದೆ ನಡುವಿನ ಮೂರನೇ ಒಂದು ಭಾಗ ಬಾಬಿನ್ ನೂಲು, ಎರಡೂ ಪಕ್ಕ ಮೇಲಿನ ಬಣ್ಣದ ನೂಲು ಕಂಡರೆ ಟೆನ್ಷನ್ ಸರಿ ಇದೆ.

ನಾಲ್ಕನೆಯದು ಬಟ್ಟೆ ಮತ್ತು ಫ್ರೇಮ್. ಫ್ರೇಮಿನಲ್ಲಿ ಬಟ್ಟೆ ಸಡಿಲವಾದರೆ ಸೂಜಿಯ ಜೊತೆ ಮೇಲೆ ಕೆಳಗೆ ಕುಣಿಯುತ್ತದೆ, ಹುಕ್ಕಿಗೆ ನೂಲು ಸರಿಯಾಗಿ ಸಿಗುವುದಿಲ್ಲ. ಅಂಟಿನ ಪೇಪರ್ ಬಳಸುವಾಗ ಸೂಜಿಯನ್ನು ಆಗಾಗ ಒರೆಸಿ.

ಐದನೆಯದು ಡಿಸೈನ್. 40 ನಂಬರಿನ ನೂಲಿಗೆ ಸಾಲಿನಿಂದ ಸಾಲಿಗೆ ಸುಮಾರು 0.4 ಮಿಲಿಮೀಟರ್ ಅಂತರ ವಾಡಿಕೆ. ದೊಡ್ಡ ಡಿಸೈನನ್ನು ಹಾಗೆಯೇ ಚಿಕ್ಕದು ಮಾಡಿದರೆ ಹೊಲಿಗೆಗಳು ಒಂದರ ಮೇಲೊಂದು ಗುಡ್ಡೆಯಾಗುತ್ತವೆ. 1 ಮಿಲಿಮೀಟರ್‌ಗಿಂತ ಚಿಕ್ಕ ಹೊಲಿಗೆಗಳು ಒಂದೇ ಕಡೆ ಸೇರಿದರೆ ನೂಲೂ ಹೋಗುತ್ತದೆ, ಸೂಜಿಯೂ ಹೋಗುತ್ತದೆ. ಇಂಥದ್ದನ್ನು ಪಂಚಿಂಗ್ ಮಾಡಿದವರಿಗೇ ವಾಪಸ್ ಕಳಿಸಬೇಕು.

ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ ಹುಕ್ಕಿನ ಟೈಮಿಂಗ್. ಅದು ಮೆಕ್ಯಾನಿಕ್‌ನ ಕೆಲಸ, ನಾವು ಸ್ಕ್ರೂ ತಿರುಗಿಸಲು ಹೋಗುವುದು ಬೇಡ. ಹುಕ್ಕಿನ ಹಾದಿಗೆ ಹೊತ್ತಿಗೆ ಸರಿಯಾಗಿ ಒಂದು ಹನಿ ಎಣ್ಣೆ ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಅಬಾಯದ ಜರಿ, ಕೊಲ್ಲಿಯ ಧೂಳು

ಅಬಾಯಕ್ಕೆ ಜರಿ ನೂಲು ಹಾಕುವವರ ಕಷ್ಟವೇ ಬೇರೆ. ಒಳಗಿನ ಎಳೆಗೆ ತೆಳು ಹಾಳೆ ಸುತ್ತಿ ಜರಿ ಮಾಡಿರುತ್ತಾರೆ. ಸೂಜಿಯ ಕಣ್ಣಲ್ಲಿ ಉಜ್ಜಿದರೆ ಆ ಹಾಳೆ ಸುಲಿದುಹೋಗುತ್ತದೆ. ಕಣ್ಣು ದೊಡ್ಡದಿರುವ 90/14 ಸೂಜಿ ಹಾಕಿ, ಮೇಲಿನ ಟೆನ್ಷನ್ ಸಡಿಲಿಸಿ, ವೇಗವನ್ನು 600ರ ಸುಮಾರಿಗೆ ಇಳಿಸಿ. ಜರಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿದ್ದರೆ ಕೋನಿಗೆ ಬಲೆ ತೊಡಿಸಿ, ಸೂಜಿಯಿಂದ ಆದಷ್ಟು ದೂರ ಇಡಿ. ವೇಗ ಕಡಿಮೆಯಾಯಿತು ಎಂದು ಯಾರಾದರೂ ಗೊಣಗಿದರೆ, ನಿಲ್ಲದೆ ಓಡುವ 600 ಮತ್ತೆ ಮತ್ತೆ ನಿಲ್ಲುವ 900ಕ್ಕಿಂತ ಬೇಗ ಮುಗಿಯುತ್ತದೆ ಎಂದು ಗಡಿಯಾರ ಹಿಡಿದು ತೋರಿಸಿ.

ಅಂಗಡಿಯ ಗಾಜಿನ ಪಕ್ಕ ಬಿಸಿಲಿಗೆ ಇಟ್ಟ ನೂಲು ಬಲ ಕಳೆದುಕೊಳ್ಳುತ್ತದೆ. ಕೋನುಗಳನ್ನು ಪೆಟ್ಟಿಗೆಯಲ್ಲೇ ಇಡಿ. ರಾತ್ರಿ ಯಂತ್ರಕ್ಕೆ ಬಟ್ಟೆ ಹೊದಿಸಿ. ಮರಳ ಧೂಳು ಎಣ್ಣೆಯ ಜೊತೆ ಸೇರಿದರೆ ಹುಕ್ಕನ್ನು ಅರದಂತೆ ಸವೆಸುತ್ತದೆ. ದಿನಾ ಒಗೆಯುವ ಕಂಪನಿ ಯೂನಿಫಾರ್ಮಿಗೆ ರೇಯಾನ್ ಬದಲು ಪಾಲಿಯೆಸ್ಟರ್ ನೂಲು ಒಳ್ಳೆಯದು. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ.

ಸೂಜಿ ಮುರಿದರೆ

ಸೂಜಿ ಮುರಿಯುವುದು ಬಾಗಿದ ಸೂಜಿ ಹುಕ್ಕಿಗೋ ಪ್ಲೇಟಿಗೋ ಬಡಿದಾಗ, ಸ್ಕ್ರೂ ಸಡಿಲವಾದಾಗ, ಟೋಪಿಯ ನಡುವಿನ ದಪ್ಪ ಹೊಲಿಗೆಯನ್ನು ವೇಗದಲ್ಲಿ ದಾಟುವಾಗ, ಅಥವಾ ಡಿಸೈನ್ ಫ್ರೇಮಿನ ಅಂಚಿಗೆ ಹೋದಾಗ. ಶುರು ಮಾಡುವ ಮುಂಚೆ ಟ್ರೇಸ್ ಹಾಕಿ ನೋಡುವುದನ್ನು ಎಂದೂ ಬಿಡಬೇಡಿ. ಟೋಪಿಗೆ 80/12 ಶಾರ್ಪ್ ಸೂಜಿ, ಕಡಿಮೆ ವೇಗ.

ಮುರಿದ ಚೂರು ಕಣ್ಣಿಗೆ ಹಾರಬಹುದು. ಕನ್ನಡಕ ಹಾಕಿಕೊಳ್ಳಿ. ಯಂತ್ರ ಪೂರ್ತಿ ನಿಂತ ಮೇಲೆ, ಎಮರ್ಜೆನ್ಸಿ ಗುಂಡಿ ಒತ್ತಿಯೇ ಕೈ ಹಾಕಿ. ಮುರಿದ ಸೂಜಿಯ ಎಲ್ಲ ಚೂರು ಸಿಗುವವರೆಗೆ ಹುಡುಕಿ, ಜೋಡಿಸಿ ನೋಡಿ. ಮಗುವಿನ ಅಂಗಿಯಲ್ಲಿ ಉಳಿದ ಒಂದು ಚೂರು ಏನು ಮಾಡಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶಕ್ಕೆ ಉಡುಪು ಕಳಿಸುವ ಕಾರ್ಖಾನೆಗಳಲ್ಲಿ ಮುರಿದ ಸೂಜಿಯನ್ನು ಪುಸ್ತಕಕ್ಕೆ ಅಂಟಿಸಿ ದಾಖಲಿಸುವ ಪದ್ಧತಿ ಇದೆ. ಸಣ್ಣ ಅಂಗಡಿಯಲ್ಲೂ ಇದನ್ನು ಮಾಡಬಹುದು.

ಒಂದು ನೋಟ್‌ಬುಕ್ ಇಡಿ

ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೆಡ್ ನಂಬರ್, ಸೂಜಿ ನಂಬರ್, ಡಿಸೈನ್, ತುದಿ ಹೇಗಿತ್ತು, ಏನು ಬದಲಿಸಿದಿರಿ. ಕನ್ನಡದಲ್ಲೇ ಬರೆಯಿರಿ, ಒಂದು ಸಾಲು ಸಾಕು. ಒಂದು ವಾರ ಕಳೆದರೆ ಯಂತ್ರದ ಜಾತಕ ನಿಮ್ಮ ಕೈಯಲ್ಲಿರುತ್ತದೆ. "ನೂಲು ಬಹಳ ಹೋಗುತ್ತದೆ ಸಾರ್" ಎಂದರೆ ಮಾಲೀಕರು ಕೇಳುವುದಿಲ್ಲ. "7ನೇ ಹೆಡ್ಡಿನ ಎಲ್ಲ ಸೂಜಿಯಲ್ಲೂ ಈ ವಾರ 31 ಸಲ ಹೋಗಿದೆ, ಬೇರೆ ಯಾವ ಹೆಡ್ಡಿನಲ್ಲೂ 5 ದಾಟಿಲ್ಲ, ಹುಕ್ಕು ನೋಡಿಸಬೇಕು" ಎಂದರೆ ಮೆಕ್ಯಾನಿಕ್ ಬರುತ್ತಾನೆ. ತಪ್ಪು ಯಾರದ್ದು ಎಂಬ ಜಗಳಕ್ಕೆ ಆ ಪುಸ್ತಕವೇ ಸಾಕ್ಷಿ.

ಅಗ್ಗದ ಆಮದು ಬಂದ ಮೇಲೆ ಹಡ್ಸನ್ ಕೌಂಟಿಯ ಹೆಚ್ಚಿನ ಶಿಫ್ಲಿ ಕಾರ್ಖಾನೆಗಳು ಮುಚ್ಚಿದವು. ನಾವೂ ಒಂದು ದಿನ ವೀಸಾ ಮುಗಿಸಿ ಊರಿಗೆ ಹೋಗುವವರೇ. ಯಂತ್ರ ಮಾಲೀಕರದ್ದು, ಇಲ್ಲೇ ಉಳಿಯುತ್ತದೆ. ನೋಟ್‌ಬುಕ್ ಮಾತ್ರ ನಮ್ಮದು. ಪುತ್ತೂರಿನಲ್ಲೋ ಕುಂದಾಪುರದಲ್ಲೋ ಹುಬ್ಬಳ್ಳಿಯಲ್ಲೋ ನಾಳೆ ಎರಡು ಹೆಡ್ಡಿನ ಯಂತ್ರ ಹಾಕಿ ಸ್ವಂತ ಅಂಗಡಿ ತೆರೆದಾಗ, ಮೊದಲ ದಿನವೇ ನೂಲು ತುಂಡಾಗುತ್ತದೆ. ಆಗ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಆ ಪುಸ್ತಕ ತೆರೆಯಬಹುದು.