ಚೀಲದ ದಪ್ಪ, ಕಾಯಿದೆಯ ಕಣ್ಣು

ಪ್ಲಾಸ್ಟಿಕ್ ಚೀಲವನ್ನು ಕುರಿತ ನಮ್ಮ ಕಾಯಿದೆಯ ಚರಿತ್ರೆ ಒಂದರ್ಥದಲ್ಲಿ ದಪ್ಪದ ಚರಿತ್ರೆಯೇ. ಕೈಚೀಲಕ್ಕೆ ಇರಬೇಕಾದ ಕನಿಷ್ಠ ದಪ್ಪವನ್ನು ಕೇಂದ್ರದ ನಿಯಮಗಳು 2011ರಲ್ಲಿ 40 ಮೈಕ್ರಾನ್, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಗೆ 75, 2022ರ ಕೊನೆಗೆ 120 ಎಂದು ಏರಿಸುತ್ತ ಬಂದವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಮಾಲಿನ್ಯವನ್ನು ತಡೆಯಹೊರಟವರು ಚೀಲವನ್ನು ದಪ್ಪ ಮಾಡಿಸುವುದೇಕೆ ಎಂದು ಶ್ರೋತೃಗಳು ಕೇಳಬಹುದು. ತೆಳು ಚೀಲ ತೂಕಕ್ಕೆ ಬಾರದು. ತೂಕವಿಲ್ಲದ್ದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದನ್ನು ಚಿಂದಿ ಆಯುವವರು ಬಾಗಿ ಎತ್ತುವುದಿಲ್ಲ. ಅದು ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ದಪ್ಪ ಚೀಲವನ್ನಾದರೋ ವರ್ತಕ ಪುಕ್ಕಟೆ ಹಂಚಲು ಹಿಂಜರಿಯುತ್ತಾನೆ. ತರ್ಕವೇನೋ ಸರಿಯಾದದ್ದೇ.

ಆದರೆ ಇವನ್ನು ಊರಿನಲ್ಲಿ ಜಾರಿಗೆ ತರುವ ಹೊಣೆ ನಗರಸಭೆ, ಪಂಚಾಯಿತಿಗಳದು. ಸಂತೆಯ ಗದ್ದಲದಲ್ಲಿ ನಿಂತ ಆರೋಗ್ಯ ನಿರೀಕ್ಷಕರು 100 ಮೈಕ್ರಾನಿಗೂ 120ಕ್ಕೂ ಇರುವ ಅಂತರವನ್ನು ಬರಿಗಣ್ಣಿನಿಂದ ಹೇಗೆ ಗುರುತಿಸಿಯಾರು? ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲಿ ದಪ್ಪದ ಮಾತನ್ನೇ ಬಿಟ್ಟು ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕಣ್ಣಿಗೆ ಕಾಣುವ ನಿಯಮವೇ ಬೀದಿಯಲ್ಲಿ ಬಾಳುವುದೆಂದು ನಂಬಿರುವ ನನಗೆ ಇದು ವಿವೇಕದ ಹೆಜ್ಜೆಯಾಗಿ ತೋರುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಊರಾಡಳಿತದ ಕೈ ಊರಿನ ಎಲ್ಲೆಯಾಚೆ ಚಾಚಲಾರದು. ಚೀಲ ತಯಾರಾಗುವ ಕಾರ್ಖಾನೆ ಬೇರೆಲ್ಲೋ ಇರುತ್ತದೆ. ಅದರ ಮೇಲಿನ ಅಂಕುಶ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿದೆ. ಇವೆರಡು ಕೈಗಳು ಕೂಡದಿದ್ದರೆ ದಂಡದ ಹೊರೆ ಹೂ ಮಾರುವವಳ ಬುಟ್ಟಿಗೇ ಬೀಳುತ್ತದೆ. ನಿಷೇಧ ಕಾರ್ಖಾನೆಯ ಬಾಗಿಲಲ್ಲಿ ಮೊದಲಾಗಬೇಕು. ಸಂತೆ ಅದರ ಕೊನೆಯ ನಿಲ್ದಾಣವಾಗಬೇಕು.