ಇನ್ನೊಬ್ಬರ ಹೆಸರಿನಲ್ಲಿ ಬರೆಯುವವರ ಹೊಣೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಬಹುಪಾಲು ಕುಟುಂಬಗಳ ಬದುಕು ಜಮೀನನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಕ್ರಯ, ವಿಭಾಗ, ದಾನ, ಅಡಮಾನಗಳ ಪತ್ರಗಳನ್ನು ಬರೆದುಕೊಡುವ ಪತ್ರ ಬರಹಗಾರರು ಇಲ್ಲಿ ವಕೀಲರಷ್ಟೇ ಅಗತ್ಯವಾದ ವೃತ್ತಿಯವರಾಗಿದ್ದಾರೆ. ಈ ಸೀಮೆಯ ಭೇರ್ಯದಂಥ ಊರಿನ ರೈತನಿಗೆ ತನ್ನ ಹೊಲದ ಎಲ್ಲೆ ಕಣ್ಣಳತೆಯಲ್ಲೇ ಗೊತ್ತಿದ್ದರೂ, ಆ ತಿಳಿವಳಿಕೆಗೆ ಕಾನೂನಿನ ಬಲ ಬರುವುದು ಅದು ಸರಿಯಾದ ಮಾತುಗಳಲ್ಲಿ ಬರಹವಾದಾಗ ಮಾತ್ರ.

ಪರರಿಗಾಗಿ ಬರೆಯುವ ಕಸುಬು ಕನ್ನಡ ನಾಡಿಗೆ ಹೊಸದಲ್ಲ. ಹಳೆಯ ಅನೇಕ ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದವನ ಮತ್ತು ಕಲ್ಲಿನಲ್ಲಿ ಕಂಡರಿಸಿದವನ ಹೆಸರುಗಳು ದೊರೆಯುತ್ತವೆ. ನಂತರದ ಕಾಲದಲ್ಲಿ ಹಳ್ಳಿಯ ಲೆಕ್ಕಪತ್ರಗಳು ಶಾನುಭೋಗರ ಕೈಯಲ್ಲಿದ್ದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಮುಂದೆ 1979ರ ನಿಯಮಗಳು ಪತ್ರ ಬರಹಗಾರರ ವೃತ್ತಿಯನ್ನು ಸರ್ಕಾರದ ಪರವಾನಗಿಯ ಚೌಕಟ್ಟಿಗೆ ತಂದವು. ಪತ್ರದ ಕೊನೆಯಲ್ಲಿ ಬರೆದವರ ಹೆಸರು ಕಾಣಿಸುವ ರೂಢಿ ಇಂದಿಗೂ ಉಳಿದಿದ್ದು, ಬರಹಕ್ಕೆ ಒಬ್ಬ ಹೊಣೆಗಾರನಿದ್ದಾನೆ ಎಂಬುದನ್ನು ಅದು ಸಾರುತ್ತದೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. 1908ರ ನೋಂದಣಿ ಕಾಯ್ದೆಯಂತೆ ಅಂಥ ಪತ್ರವನ್ನು ಬರೆದುಕೊಟ್ಟ ದಿನದಿಂದ ಸಾಮಾನ್ಯವಾಗಿ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಕ್ರಯಪತ್ರದಲ್ಲಿ ಮಾರುವವರ ಹಕ್ಕಿನ ಮೂಲ, ಪ್ರತಿಫಲ ಎಂದರೆ ಕೊಡುವ ಹಣ, ಷೆಡ್ಯೂಲು ಎಂದರೆ ಸ್ವತ್ತಿನ ವಿವರ ಮತ್ತು ಚೆಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಎಲ್ಲೆಗಳು ಸ್ಪಷ್ಟವಾಗಿರಬೇಕು. ಉದಾಹರಣೆಗೆ, ಜಮೀನಿನ ದಾಖಲೆಯಾದ ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದ್ದರೆ ಅದು 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಒಂದೂವರೆ ಎಕರೆ. ಅದನ್ನೇ ದಶಮಾಂಶವೆಂದು ತಿಳಿದು ಬರೆದರೆ 1 ಎಕರೆ 8 ಗುಂಟೆಯಾಗಿ, 12 ಗುಂಟೆ ಜಮೀನು ಕಾಗದದ ಮೇಲೆ ಕಾಣೆಯಾಗುತ್ತದೆ. ಅದನ್ನು ಸರಿಪಡಿಸಲು ಉಭಯ ಪಕ್ಷದವರೂ ಸೇರಿ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಬೇಕಾಗುತ್ತದೆ.

ಸಣ್ಣ ವ್ಯಾಪಾರಕ್ಕೂ ಇದೇ ಎಚ್ಚರ ಬೇಕು. ಇಬ್ಬರು ಕೂಡಿ ಗೊಬ್ಬರದ ಅಂಗಡಿಯನ್ನೋ ಅಕ್ಕಿ ಗಿರಣಿಯನ್ನೋ ನಡೆಸುವಾಗ ಒಬ್ಬರು ಹೆಚ್ಚು ಬಂಡವಾಳ ಹಾಕಿದ್ದರೂ, ಲಾಭದ ಹಂಚಿಕೆ ಕುರಿತು ಬೇರೆ ಒಪ್ಪಂದವಿಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಲಾಭ ನಷ್ಟಗಳೆರಡನ್ನೂ ಸಮವಾಗಿ ಹಂಚುತ್ತದೆ. ಬಾಯಿಮಾತಿನ ಒಪ್ಪಂದವಿತ್ತೆಂದು ಮುಂದೆ ರುಜುವಾತುಪಡಿಸುವುದು ಕಷ್ಟವಾದ್ದರಿಂದ, ಪಾಲುದಾರಿಕೆ ಪತ್ರ ಬರೆಯುವವರು ಆ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಇನ್ನು ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕವನ್ನೇ ವಿಧಿಸುವುದಿಲ್ಲ. ಅರ್ಜಿ ತುಂಬಿಕೊಡುವವರು ಪಡೆಯುವುದು ತಮ್ಮ ಶ್ರಮದ ಕೂಲಿಯೇ ಹೊರತು ಸರ್ಕಾರದ ಶುಲ್ಕವಲ್ಲ ಎಂಬುದು ಗಿರಾಕಿಗಳಿಗೆ ತಿಳಿದಿರಬೇಕು.

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಬರೆಯುವವರ ಈ ಹೊಣೆ ಇನ್ನಷ್ಟು ತೂಕದ್ದಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜೇನುಕುರುಬರಂಥ ಸಮುದಾಯಗಳು ಗ್ರಾಮಸಭೆಗೆ ಹಕ್ಕು ಕೋರಿಕೆ ಸಲ್ಲಿಸಬಹುದಾಗಿದ್ದು, ಹಕ್ಕು ಕೋರಿದವರಲ್ಲದ ಇತರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನೂ ಸಾಕ್ಷ್ಯಗಳಲ್ಲೊಂದಾಗಿ ನಿಯಮಗಳು ಗುರುತಿಸುತ್ತವೆ. ಹೇಳುವವರ ನೆನಪನ್ನು ಬರೆಯುವವರು ತಮಗೆ ತೋಚಿದಂತೆ ಬದಲಿಸಿದರೆ ಆ ಸಾಕ್ಷ್ಯವೇ ಸಡಿಲಗೊಳ್ಳುತ್ತದೆ.

ಬರೆಯಲು ಬಾರದಿರುವುದು ಹಕ್ಕಿಗೆ ಅಡ್ಡಿಯಾಗಬಾರದೆಂಬ ತತ್ವವನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಸ್ಪಷ್ಟವಾಗಿ ಒಪ್ಪಿಕೊಂಡಿದೆ. ಲಿಖಿತವಾಗಿ ಕೇಳಲಾಗದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಸಾರ್ವಜನಿಕ ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಅದು ವಿಧಿಸುತ್ತದೆ. ಹಣ ಪಡೆದು ಬರೆಯುವವರಿಂದಲೂ ಜನರು ಇದೇ ನೆರವನ್ನು ನಿರೀಕ್ಷಿಸುವುದು ನ್ಯಾಯ. ಕರಡನ್ನು ಸಹಿಗೆ ಮುನ್ನ ಪೂರ್ತಿಯಾಗಿ ಓದಿ ಹೇಳುವುದು, ಕಠಿಣ ಪದಗಳನ್ನು ಆಡುಮಾತಿನಲ್ಲಿ ಬಿಡಿಸುವುದು, ಸರ್ವೆ ನಂಬರನ್ನು ಪಹಣಿಯೊಡನೆ ತಾಳೆ ನೋಡುವುದು ಮತ್ತು ಬರವಣಿಗೆಯ ಕೂಲಿಗೆ ರಸೀದಿ ಕೊಡುವುದು ಉಪಕಾರವೆನಿಸದೆ ವೃತ್ತಿಯ ಕನಿಷ್ಠ ಧರ್ಮವೆನಿಸಬೇಕು. ಹೆಬ್ಬೆಟ್ಟು ಒತ್ತುವವರಿಗೂ ತಾವು ಏನನ್ನು ಒಪ್ಪುತ್ತಿದ್ದೇವೆಂಬುದು ತಿಳಿದಿದ್ದಾಗಲೇ ಆ ಪತ್ರ ನಿಜವಾಗಿ ಅವರದಾಗುತ್ತದೆ.