ಆಪತ್ಕಾಲದಲ್ಲಿ ಹವ್ಯಾಸಿ ರೇಡಿಯೋ



ರೇಡಿಯೋ ಕೇಳುವವರು ಬಹುಮಂದಿ. ಮನೆಯಲ್ಲಿಯೇ ಯಂತ್ರವನ್ನಿಟ್ಟು ದೂರದವರೊಡನೆ ಮಾತನಾಡುವವರು ಕೆಲವರೇ. ಇವರನ್ನು ಹವ್ಯಾಸಿ ರೇಡಿಯೋಗಾರರೆಂದೂ, ರೂಢಿಯಲ್ಲಿ 'ಹ್ಯಾಮ್'ಗಳೆಂದೂ ಕರೆಯುವರು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿ ಪಡೆದವರಿಗೆ ಮಾತ್ರ ಈ ಅಧಿಕಾರವುಂಟು. ಇದರಿಂದ ಹಣ ಸಂಪಾದಿಸಕೂಡದೆಂಬುದು ನಿಯಮ. ಇಂಥ ವಿನೋದದಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಅಂಡಮಾನಿನ ವೃತ್ತಾಂತವೇ ಉತ್ತರ.

2004ನೆಯ ಡಿಸೆಂಬರಿನಲ್ಲಿ ಭಾರತಿ ಪ್ರಸಾದರ ನೇತೃತ್ವದ ಹವ್ಯಾಸಿಗಳ ತಂಡವೊಂದು ಅಂದಿನ ಪೋರ್ಟ್ ಬ್ಲೇರಿಗೆ, ಎಂದರೆ ಈಗಿನ ಶ್ರೀವಿಜಯಪುರಕ್ಕೆ ಹೋಗಿದ್ದಿತು. ಆ ದ್ವೀಪಗಳಿಂದ ಹವ್ಯಾಸಿಗಳ ಧ್ವನಿ ಬಹುಕಾಲ ಕೇಳಿಬಂದಿರಲಿಲ್ಲ. ಆದುದರಿಂದ ಅವರೊಡನೆ ಎರಡು ಮಾತನಾಡಲು ನಾನಾ ದೇಶದವರು ಸರದಿ ಕಾಯುತ್ತಿದ್ದರು. 26ನೆಯ ತಾರೀಖು ಬೆಳಗ್ಗೆ ಸುಮಾತ್ರದ ಬಳಿ ಮಹಾಭೂಕಂಪವಾಗಿ ಸುನಾಮಿಯು ದ್ವೀಪಗಳ ಮೇಲೆರಗಿತು. ವಿದ್ಯುತ್ತು ನಿಂತಿತು, ದೂರವಾಣಿ ಮೂಕವಾಯಿತು. ತಂಡದವರು ವಿನೋದವನ್ನು ಬದಿಗಿಟ್ಟು, ಅದೇ ಯಂತ್ರದಿಂದ ದ್ವೀಪದ ಸಮಾಚಾರವನ್ನು ಹೊರನಾಡಿಗೆ ಮುಟ್ಟಿಸತೊಡಗಿದರು. ತಮ್ಮವರು ಬದುಕಿರುವರೋ ಇಲ್ಲವೋ ಎಂದು ತಳಮಳಿಸುತ್ತಿದ್ದ ಎಷ್ಟೋ ಮನೆಗಳಿಗೆ ಈ ಮೂಲಕ ಸುದ್ದಿ ತಲಪಿತು. ಮುಂದೆ ಕಾರ್ ನಿಕೋಬಾರಿನಿಂದಲೂ ಹವ್ಯಾಸಿಗಳು ಸಂದೇಶಗಳನ್ನು ಕಳುಹಿಸಿದರು.

ದೊಡ್ಡ ವ್ಯವಸ್ಥೆಗಳು ಕುಸಿದಾಗ ಈ ಸಣ್ಣ ಯಂತ್ರವು ಹೇಗೆ ಉಳಿಯುತ್ತದೆ? ನಮ್ಮ ಮೊಬೈಲ್ ಫೋನು ಮಾತನಾಡಬೇಕಾದರೆ ಗೋಪುರ, ಕೇಬಲ್, ವಿನಿಮಯ ಕೇಂದ್ರ, ವಿದ್ಯುತ್ತು ಇವೆಲ್ಲವೂ ನೆಟ್ಟಗಿರಬೇಕು; ಒಂದು ಕೊಂಡಿ ಕಳಚಿದರೂ ಸರಪಳಿ ವ್ಯರ್ಥ. ಹವ್ಯಾಸಿಗಾದರೋ ಯಂತ್ರ, ಬ್ಯಾಟರಿ, ಮೇಲೆ ಕಟ್ಟಿದ ಒಂದು ತಂತಿ ಇದ್ದರೆ ಸಾಕು. ಭೂಮಿಯಿಂದ ನೂರಾರು ಕಿಲೊಮೀಟರ್ ಎತ್ತರದಲ್ಲಿ, ಸೂರ್ಯಕಿರಣಗಳ ದೆಸೆಯಿಂದ ವಿದ್ಯುದಂಶವನ್ನು ಪಡೆದ ವಾಯುಪದರವುಂಟು. ಹ್ರಸ್ವತರಂಗಗಳು ಅಲ್ಲಿಂದ ಬಾಗಿ ಮತ್ತೆ ಭೂಮಿಗಿಳಿಯುತ್ತವೆ; ನಡುವೆ ಸಾವಿರ ಕಿಲೊಮೀಟರ್ ಕಡಲಿದ್ದರೂ ಅಡ್ಡಿಯಿಲ್ಲ. ಇದಕ್ಕೆ 100 ವಾಟ್ ಶಕ್ತಿಯೇ ಧಾರಾಳವಾಗಿ ಸಾಕಾಗುವುದುಂಟು.

ಆದರೆ ಯಂತ್ರವೊಂದರಿಂದಲೇ ಕಾರ್ಯವಾಗದು. ಆ ಪದರವು ಹಗಲಿಗೊಂದು ರಾತ್ರಿಗೊಂದು ರೀತಿಯಾಗಿರುವುದರಿಂದ, ಯಾವ ಹೊತ್ತಿಗೆ ಯಾವ ತರಂಗ ಸಲ್ಲುವುದೆಂಬುದನ್ನು ಅನುಭವದಿಂದಲೇ ಅರಿಯಬೇಕು. ಎಲ್ಲರೂ ಒಮ್ಮೆಗೇ ಮಾತನಾಡಿದರೆ ಯಾರ ಮಾತೂ ಕೇಳಿಸದು. ಆದಕಾರಣ ಒಬ್ಬನು ನಿಯಂತ್ರಕನಾಗುತ್ತಾನೆ. ಉಳಿದವರು ಅವನು ಕರೆದಾಗ ಮಾತ್ರ ನುಡಿಯುವರು. ಪ್ರಾಣಾಪಾಯದ ಸಂದೇಶಕ್ಕೆ ಮೊದಲ ಸ್ಥಾನ. ಹೆಸರನ್ನೂ ಅಂಕಿಯನ್ನೂ ಬರೆದುಕೊಂಡು, ತಿರುಗಿ ಓದಿ ಹೇಳಿ, ಸರಿಯೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಹೆಸರು ತಪ್ಪಿದರೆ ಒಂದು ಮನೆಯೇ ವೃಥಾ ಶೋಕಕ್ಕೆ ಈಡಾದೀತು.

ಇಂಥ ಶಿಸ್ತು ಪ್ರವಾಹ ಬಂದ ದಿನ ಕಲಿಯತಕ್ಕದ್ದಲ್ಲ. ನಿತ್ಯವೂ ವಿನೋದಕ್ಕಾಗಿ ಮಾಡಿದ ಅಭ್ಯಾಸವೇ ಅಂದು ಕೈಹಿಡಿಯುವುದು. ನಮ್ಮ ಊರುಗಳ ತರುಣರಲ್ಲಿ ಕೆಲವರಾದರೂ ಈ ವಿದ್ಯೆಯನ್ನು ಶಾಂತಿಕಾಲದಲ್ಲಿಯೇ ಕೈವಶಮಾಡಿಕೊಂಡರೆ, ವಿಪತ್ಕಾಲದಲ್ಲಿ ಊರು ಮೂಕವಾಗುವ ಭಯವು ಅಷ್ಟರಮಟ್ಟಿಗೆ ಕಡಮೆಯಾದೀತು.